ಹಿಂದಿರುಗುವ ವಿದ್ಯೆ

ಶಿಲ್ಪಕಲೆಗೂ ಆಲೂಗೆಡ್ಡೆಗೂ ಹೆಸರಾದ ನಮ್ಮ ಹಾಸನ ಜಿಲ್ಲೆಗೆ ಆಕಾಶದೊಡನೆಯೂ ಒಂದು ನಂಟುಂಟು. ಭಾರತದ ಇನ್ಸಾಟ್ ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸುವ ಕೇಂದ್ರವು 1982ರಿಂದ ಹಾಸನದಲ್ಲಿದೆ. ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು ಸೇನೆಯಿಂದ ಹೊರಬಂದು, ಜಾವಗಲ್ಲಿನ ಬಳಿ ಬೇಸಾಯ ಮಾಡಿ, 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆಯನ್ನೂ 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನೂ ಆರಂಭಿಸಿ, ಸಾಮಾನ್ಯ ಜನರೂ ವಿಮಾನವೇರುವಂತೆ ಮಾಡಿದರು. ಅಂತಹ ದೊಡ್ಡವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನ್ನದಲ್ಲ. ಹೊಳೆನರಸೀಪುರದ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿ, ವಿದ್ಯಾರ್ಥಿನಿಲಯದಲ್ಲಿ ಓದಿ, ಬೆಂಗಳೂರಿನಲ್ಲಿ ಉದ್ಯೋಗ ಹಿಡಿದ ನಾನು, ಮೂವತ್ತು ದಾಟಿದ ಮೇಲೆ ಹವ್ಯಾಸಕ್ಕಾಗಿ ಸಣ್ಣ ವಿಮಾನ ನಡೆಸಲು ಕಲಿತವನು. ಆ ಕಲಿಕೆ ನನಗೆ ಕೊಟ್ಟುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದಷ್ಟೇ ಈ ಬರಹದ ಉದ್ದೇಶ.

ಖಾಸಗಿ ವೈಮಾನಿಕನ ಪರವಾನಗಿಗೆ ಹದಿನೇಳು ವರ್ಷ ತುಂಬಿರಬೇಕು. ದೇಹಾರೋಗ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಾಯುಯಾನದ ನಿಯಮ, ದಿಕ್ಕು-ದಾರಿ, ಹವಾಮಾನ, ಯಂತ್ರವಿಚಾರ ಇವುಗಳನ್ನು ಓದಿ ಪರೀಕ್ಷೆ ಬರೆಯಬೇಕು. ಕನಿಷ್ಠ 40 ಗಂಟೆ ಹಾರಾಟ ನಡೆಸಿರಬೇಕು. ಈ ಪರವಾನಗಿಯಿಂದ ಹಣ ಸಂಪಾದಿಸುವಂತಿಲ್ಲ. ನನ್ನ ಅಭ್ಯಾಸ ಜಕ್ಕೂರಿನಲ್ಲಿ ಆರಂಭವಾಯಿತು. ಇಬ್ಬರೇ ಕೂರಬಹುದಾದ ಸೆಸ್ನಾ 152 ನನ್ನ ಮೊದಲ ಪಾಠಶಾಲೆ. ಅದರ ಎಂಜಿನ್ನಿನ ಶಕ್ತಿ 110 ಅಶ್ವಶಕ್ತಿ, ಅಂದರೆ ಇಂದಿನ ಒಂದು ಸಾಧಾರಣ ಕಾರಿನಷ್ಟು.

ಮೊದಲು ಕಲಿತದ್ದು ಹಾರುವುದನ್ನಲ್ಲ, ನೋಡುವುದನ್ನು. ಪ್ರತಿ ಹಾರಾಟಕ್ಕೂ ಮುನ್ನ ವಿಮಾನದ ಸುತ್ತ ಪ್ರದಕ್ಷಿಣೆ ಹಾಕಿ ರೆಕ್ಕೆ, ಚಕ್ರ, ಕೀಲುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ರೆಕ್ಕೆಯ ಕೆಳಗಿನಿಂದ ಸ್ವಲ್ಪ ಇಂಧನವನ್ನು ಗಾಜಿನಂತಹ ಕೊಳವೆಗೆ ಬಸಿದು, ಬೆಳಕಿಗೆ ಹಿಡಿದು, ತಳದಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು. ಸಾವಿರಾರು ಗಂಟೆ ಹಾರಿದ ಗುರುಗಳೂ ಮುದ್ರಿತ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮಗ್ಗಿ ಓದುವ ಬಾಲಕನಂತೆ ಸಾಲು ಸಾಲಾಗಿ ಓದಿಯೇ ಎಂಜಿನ್ ಚಾಲನೆ ಮಾಡುತ್ತಿದ್ದರು. ನೆನಪನ್ನು ನಂಬಿ ಕೆಡುವುದಕ್ಕಿಂತ ಪಟ್ಟಿಯನ್ನು ನಂಬಿ ಬದುಕುವುದು ಲೇಸು ಎಂಬುದು ಅವರ ಮತ.

ಎರಡನೆಯ ಪಾಠ ಇನ್ನೂ ಕಠಿಣವಾದುದು. ಮೂತಿಯನ್ನು ಅತಿಯಾಗಿ ಮೇಲೆತ್ತಿದರೆ ಗಾಳಿಯು ರೆಕ್ಕೆಯ ಮೇಲ್ಮೈಯಿಂದ ಕಳಚಿಕೊಳ್ಳುತ್ತದೆ. ಎತ್ತುವ ಶಕ್ತಿ ಕುಸಿದು ವಿಮಾನ ಬೀಳತೊಡಗುತ್ತದೆ. ಇದಕ್ಕೆ 'ಸ್ಟಾಲ್' ಎನ್ನುತ್ತಾರೆ. ಬೀಳುವಾಗ ಮೇಲಕ್ಕೆ ಎಳೆಯಬೇಕೆನ್ನುವುದು ಮನುಷ್ಯಸಹಜ ಬುದ್ಧಿ. ಆದರೆ ಉಳಿಯುವ ಮಾರ್ಗ ಅದಕ್ಕೆ ವಿರುದ್ಧ. ಮೂತಿಯನ್ನು ತಗ್ಗಿಸಬೇಕು, ಆಗ ಗಾಳಿ ಮರಳಿ ರೆಕ್ಕೆಯನ್ನು ಹಿಡಿಯುತ್ತದೆ. ತಗ್ಗಿದವನು ಉಳಿಯುತ್ತಾನೆಂಬ ಹಿರಿಯರ ಮಾತು ಭೌತಶಾಸ್ತ್ರವೂ ಹೌದೆಂದು ನನಗೆ ತಿಳಿದದ್ದು ಅಲ್ಲಿ.

ಪರವಾನಗಿ ದೊರೆತ ಮೇಲೆ ನನ್ನ ಏಕೈಕ ಆಸೆಯೆಂದರೆ ಹುಟ್ಟೂರಿನ ಮೇಲೆ ಒಮ್ಮೆ ಹಾರುವುದು. ಹೊಲದ ಬದುವಿನಲ್ಲಿ ನಿಂತು ಮಗನ ವಿಮಾನ ನೋಡಬೇಕೆಂದು ತಂದೆಯವರೂ ಆಶಿಸಿದ್ದರು. ಜಿಲ್ಲೆಯಲ್ಲಿ ಇಳಿಯಲು ನನಗೆ ನೆಲೆಯಿರಲಿಲ್ಲ; ಜಕ್ಕೂರಿನಿಂದ ಹೊರಟು ಜಕ್ಕೂರಿಗೇ ಮರಳಬೇಕಿತ್ತು. ಹಾರಾಟದ ವಿವರ ಸಲ್ಲಿಸಿ, ವಾಯುರಕ್ಷಣಾ ಅನುಮತಿ ಪಡೆದು, ಆಶ್ವಯುಜದ ಒಂದು ಬೆಳಿಗ್ಗೆ ನಾಲ್ಕು ಆಸನದ ಸೆಸ್ನಾ 172ರಲ್ಲಿ ಹೊರಟೆ. ಮಂಗಳೂರು ಹೆದ್ದಾರಿಯೇ ದಾರಿತೋರುಗ. ಕುಣಿಗಲ್ ದೊಡ್ಡಕೆರೆ ಹಿಂದೆ ಸರಿಯಿತು. ಎಡಗಡೆ ದೂರದಲ್ಲಿ ಶ್ರವಣಬೆಳಗೊಳದ ಜೋಡಿ ಬೆಟ್ಟಗಳು ಮೂಡಿದವು. ಕತ್ತೆತ್ತಿ ನೋಡಿದ ಸುಮಾರು 58 ಅಡಿಯ ಮೂರ್ತಿ ಅಲ್ಲಿಂದ ಅಕ್ಕಿಕಾಳಿನಷ್ಟು. ಸುಮಾರು ಮುಕ್ಕಾಲು ಗಂಟೆಯಲ್ಲಿ ಚನ್ನರಾಯಪಟ್ಟಣದ ಕೆರೆ ಹೊಳೆಯಿತು.

ಅದರಾಚೆ ಏನೂ ಇರಲಿಲ್ಲ. ಮಲೆನಾಡಿನ ಕಡೆಯಿಂದ ಬಂದ ಮೋಡ ಹಾಸನ, ಅರಕಲಗೂಡು, ಹೊಳೆನರಸೀಪುರಗಳನ್ನೆಲ್ಲ ಬಿಳಿಯ ಗೋಡೆಯಂತೆ ಮುಚ್ಚಿತ್ತು. ನನ್ನ ಪರವಾನಗಿ ಕಣ್ಣಿಗೆ ನೆಲ ಕಾಣುವಾಗ ಹಾರಲು ಮಾತ್ರ; ಮೋಡದಿಂದ ಅಡ್ಡಲಾಗಿ ಒಂದೂವರೆ ಕಿಲೋಮೀಟರ್, ಮೇಲೆ ಕೆಳಗೆ ಸಾವಿರ ಅಡಿ ದೂರವಿರಬೇಕೆಂಬುದು ನಿಯಮ. ಮೋಡದೊಳಗೆ ಹೊಕ್ಕ ಅನನುಭವಿಗೆ ಮೇಲು ಕೆಳಗಿನ ಪರಿವೆಯೇ ತಪ್ಪುತ್ತದೆ. ಕಿವಿಯೊಳಗಿನ ಸಮತೋಲದ ಅಂಗವೇ ಸುಳ್ಳು ಹೇಳುತ್ತದೆ. ಊರು ಇನ್ನು ಏಳು ನಿಮಿಷದ ಹಾದಿ. ಬದುವಿನ ಮೇಲೆ ತಂದೆಯವರು, ನೆಂಟರು, ಶಾಲೆಯ ಮಕ್ಕಳು ಕಾಯುತ್ತಿದ್ದರು. ಆ ಏಳು ನಿಮಿಷದ ಸೆಳೆತ ಎಂತಹುದೆಂದು ಅನುಭವಿಸಿದವರೇ ಬಲ್ಲರು. ಕೆರೆಯ ಮೇಲೊಂದು ಸುತ್ತು ಹಾಕಿ, ಮೂತಿಯನ್ನು ಪೂರ್ವಕ್ಕೆ ತಿರುಗಿಸಿದೆ.

ಇಳಿದು ದೂರವಾಣಿಯಲ್ಲಿ ವಿಷಯ ತಿಳಿಸಿದಾಗ ತಂದೆಯವರು ನಿರಾಶೆಯನ್ನು ತೋರಲಿಲ್ಲ. "ಇರಲಿ ಬಿಡಪ್ಪ. ತುಂಬಿದ ಹೊಳೆ ಕಂಡು ದಡದಲ್ಲೇ ನಿಂತವನು ನಾಳೆಯಾದರೂ ದಾಟುತ್ತಾನೆ" ಎಂದರು. ಹೇಮಾವತಿಗೆ ಅಣೆಕಟ್ಟು ಬರುವ ಮುನ್ನಿನ ಪ್ರವಾಹಗಳನ್ನು ಕಂಡ ಹಿರಿಯರ ಮಾತದು.

ಮಾಘದ ತಿಳಿಯಾದ ಆಕಾಶದಲ್ಲಿ ಮತ್ತೆ ಹೊರಟು ಹಾಸನ ಮುಟ್ಟಿದೆ. ಗೊರೂರಿನ ಜಲಾಶಯ, ಹಿನ್ನೀರಿನಂಚಿನ ಶೆಟ್ಟಿಹಳ್ಳಿಯ ಪಾಳು ಇಗರ್ಜಿ, ಅರಕಲಗೂಡಿನ ಹೊಲಗಳು, ಅಲ್ಲಿಂದ ಹೊಳೆನರಸೀಪುರದತ್ತ ಬಳುಕುತ್ತ ಸಾಗುವ ಹೇಮಾವತಿ ಎಲ್ಲವನ್ನೂ ಕಂಡೆ. ತಾಲ್ಲೂಕಿಗೂ ತಾಲ್ಲೂಕಿಗೂ ನಡುವಿನ ಗಡಿಗೆರೆ ಮೇಲಿನಿಂದ ಎಲ್ಲಿಯೂ ಕಾಣದು. ತಂದೆಯವರ ಕಣ್ಣಿಗೆ ಅಷ್ಟರಲ್ಲಿ ಪೊರೆ ಬಂದಿತ್ತು. ವಿಮಾನ ಕಾಣಲಿಲ್ಲ, ಸದ್ದು ಮಾತ್ರ ಚೆನ್ನಾಗಿ ಕೇಳಿಸಿತೆಂದು ಸಂತೋಷಪಟ್ಟರು.

ಹಾರಬಯಸುವ ನಮ್ಮ ಗ್ರಾಮೀಣ ತರುಣರು ಹಿಂಜರಿಯಬೇಕಾಗಿಲ್ಲ. ಗಣಿತ ಮತ್ತು ಭೌತಶಾಸ್ತ್ರಗಳನ್ನು ಶ್ರದ್ಧೆಯಿಂದ ಓದಲಿ. ಖರ್ಚಿನ ಬಾಬ್ತನ್ನು ಮೊದಲೇ ವಿಚಾರಿಸಲಿ. ಏರುವ ವಿದ್ಯೆಯನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಗುರಿ ಕಣ್ಣೆದುರಿಗಿರುವಾಗಲೂ ಕಾಲವಲ್ಲದ ಕಾಲವನ್ನರಿತು ಹಿಂದಿರುಗುವ ವಿದ್ಯೆಗೆ ಬಹುಕಾಲದ ಸಾಧನೆ ಬೇಕು. ಆಕಾಶದಲ್ಲಿ ಮಾತ್ರವಲ್ಲ, ಸಂಸಾರದಲ್ಲಿಯೂ ಅದು ಬೇಕಾದ ವಿದ್ಯೆಯೇ.