ಕಾಡಂಚಿನ ಗೋಮಾಳದಲ್ಲಿ ಯುಗಾದಿ

ಹುಣಸೂರು, ಯುಗಾದಿ ಕಳೆದ ವಾರ

ಪ್ರೀತಿಯ ಅಕ್ಕನಿಗೆ,

ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೊರಟವರಿಗೆ ಈಗ ಮೊದಲು ಕಾಣುವುದು ಹೊಂಗೆಯ ಚಿಗುರು. ಮುತ್ತುಗದ ಕೆಂಪು ಮುಗಿಯುತ್ತ ಬಂದಿದೆ, ಕಕ್ಕೆ ಇನ್ನೂ ಮೊಗ್ಗು. ತೇಗ ಮಾತ್ರ ಬೋಳಾಗಿ ನಿಂತಿದೆ. ಅದಕ್ಕೆ ಮಳೆ ಬಿದ್ದ ಮೇಲೆಯೇ ಹಬ್ಬ.

ಕಾಡಿನೊಳಗೆ ನಡೆದು ಹೋಗಲು ಬಿಡುವುದಿಲ್ಲ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ. ಈಗ 643 ಚದರ ಕಿಲೋಮೀಟರ್ ಹುಲಿಯದು. ಪ್ರವಾಸಿಗರು ಜೀಪಿನಲ್ಲಿ ಕೂತು ನೋಡಿ ಬರುತ್ತಾರೆ. ಕಾಲ್ನಡಿಗೆಯವರಿಗೆ ಉಳಿಯುವುದು ರೈಲು ಕಂಬಿಯ ಆನೆ ಬೇಲಿಗೂ ಮೊದಲ ಹೊಲಕ್ಕೂ ನಡುವಿನ ಜಾಗ: ಗೋಮಾಳ, ಗುಂಡುತೋಪು, ಕೆರೆ ಏರಿ. ಸತ್ಯ ಹೇಳಬೇಕೆಂದರೆ ವಸಂತ ಅಲ್ಲೇ ಚೆನ್ನ.

ಹುಣಸೂರಿಗೆ ಹುಲ್ಲುಗಾವಲಿನ ನೆನಪು ಹಳೆಯದು. ಒಂದು ಕಾಲಕ್ಕೆ ಇದು ಅಮೃತ ಮಹಲ್ ಇಲಾಖೆಯ ಕೇಂದ್ರವಾಗಿತ್ತು. ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಲು ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಎಂದು ಕಾವಲುಗಳನ್ನು ಬೇರೆಬೇರೆ ಗೊತ್ತುಮಾಡಿದ್ದರು; ನೆರಳು, ನೀರು ಇದ್ದ ಕಾವಲು ಬೇಸಿಗೆಗೆ. ಇಂದಿನ ಭೂಕಂದಾಯ ನಿಯಮವೂ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಬಿಡಬೇಕು ಅನ್ನುತ್ತದೆ. ಕಾಗದದಲ್ಲಿ ಬಿಟ್ಟಿದ್ದಾರೆ. ನೆಲದ ಮೇಲೆ ಅರ್ಧ ಲಂಟಾನ, ಇನ್ನರ್ಧ ಒತ್ತುವರಿ ಎನ್ನುವಂಥ ಊರುಗಳೂ ಇವೆ. ದನ ಮೇಯಿಸುವ ಮುದುಕರು ಬೆಳಗಿನ ಹೊತ್ತು ಅಳಿದುಳಿದ ಪಟ್ಟಿಯಲ್ಲೇ ದನ ಹೊಡೆದುಕೊಂಡು ಹೋಗುತ್ತಾರೆ.

ಹೊಲಗಳಲ್ಲಿ ಹೊನ್ನಾರು ಮುಗಿದಿದೆ. ಪಂಚಾಂಗದಲ್ಲಿ ಯಾರ ಹೆಸರಿಗೆ ಬಂತೋ ಅವನು ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಹೂವು ಕಟ್ಟಿ, ಊರಿನ ಪರವಾಗಿ ಮೊದಲ ಸಾಲು ಉಳುವುದು ಯುಗಾದಿಯ ಕಟ್ಟಳೆ. ಉಳಿದ ದಿನವೆಲ್ಲ ಟ್ರ್ಯಾಕ್ಟರಿನದೇ ಸದ್ದು, ಅದು ಬೇರೆ ಮಾತು.

ಪಿರಿಯಾಪಟ್ಟಣದ ದಾರಿಯಲ್ಲಿ ಹೊಗೆಸೊಪ್ಪಿನ ಸಸಿಮಡಿ ನೋಡಬೇಕು ಅಕ್ಕ. ಒಂದು ಗ್ರಾಂ ತೂಗಿದರೆ ಹತ್ತು ಸಾವಿರಕ್ಕೂ ಹೆಚ್ಚು ಬೀಜ. ಕೈಯಲ್ಲಿ ಹಿಡಿದರೆ ನಶ್ಯದ ಪುಡಿಯ ಹಾಗೆ. ಮಡಿಗೆ ಚೆಲ್ಲಿ, ಮೇಲೆ ತೆಳುವಾಗಿ ಹುಲ್ಲು ಹರಡಿ, ಜರಡಿಮೂತಿಯ ಕ್ಯಾನಿನಿಂದ ನೀರು ಚಿಮುಕಿಸುತ್ತಾರೆ. ರಭಸ ಹೆಚ್ಚಾದರೆ ಬೀಜವೇ ಕೊಚ್ಚಿಹೋಗುತ್ತದೆ. ಮೇ ತಿಂಗಳ ಮಳೆಗೆ ನಾಟಿ. ಕೊಯ್ಲಾದ ಮೇಲೆ ಬ್ಯಾರನ್‌ನಲ್ಲಿ ಎಲೆ ಬೇಯಿಸಬೇಕು. ಒಂದು ಕೆಜಿ ಒಣ ಎಲೆಗೆ ಹಲವು ಕೆಜಿ ಸೌದೆ ಸುಡುತ್ತದೆ. ದುಡ್ಡು ತರುವ ಬೆಳೆ, ನಿಜ. ಆದರೆ ಈ ಸೀಮೆಯ ಮರಗಳ ಲೆಕ್ಕ ಹಾಕುವಾಗ ಬ್ಯಾರನ್ನನ್ನು ಬಿಟ್ಟು ಹಾಕಿದರೆ ಲೆಕ್ಕ ತಪ್ಪುತ್ತದೆ.

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತುವವರು ಬಿಸಿಲೇರುವ ಮುಂಚೆ ಇಳಿದುಬಿಡಬೇಕು. ಅದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರ ಜೋಳದ ಹೊಲಗಳು ಮಳೆಗೆ ಕಾದಿವೆ. 1960ರ ಆಸುಪಾಸಿನಲ್ಲಿ ಮೈಸೂರು ಸರ್ಕಾರ ಅವರಿಗೆ ಕೊಟ್ಟದ್ದು ಸುಮಾರು 3,000 ಎಕರೆ. ಬಂದವರು ಕಾಡು ಕಡಿದೇ ಹೊಲ ಮಾಡಿಕೊಂಡರು.

ಕೆ.ಆರ್. ನಗರದ್ದು ಬೇರೆಯೇ ಬಣ್ಣ, ಅದು ನಾಲೆಯ ನಾಡು. ಚುಂಚನಕಟ್ಟೆಯಲ್ಲಿ ಕಾವೇರಿ ಈಗ ಬಂಡೆಗಳ ಸಂದಿಯಲ್ಲಿ ಸಣ್ಣಗೆ ಇಳಿಯುತ್ತಾಳೆ. ಧುಮುಕುವುದನ್ನು ನೋಡಬೇಕೆನ್ನುವವರು ಆಷಾಢದಲ್ಲಿ ಬರಲಿ.

ಕೊನೆಗೆ ಎಚ್.ಡಿ. ಕೋಟೆ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದಾಗ ಕಾಕನಕೋಟೆಯ ಕಾಡಿನ ದೊಡ್ಡ ಪಾಲು ನೀರಿನಡಿಗೆ ಹೋಯಿತು. ಖೆಡ್ಡಾದಲ್ಲಿ ಆನೆ ಹಿಡಿಯುತ್ತಿದ್ದ ಸೀಮೆ ಅದು. 1937ರ ‘ಎಲಿಫೆಂಟ್ ಬಾಯ್’ ಚಿತ್ರದ ಹುಡುಗ ಸಾಬು ಹುಟ್ಟಿದ್ದು ಇಲ್ಲಿಯ ಕಾರಾಪುರದಲ್ಲಿ. ಊರು, ಹಾಡಿ ಬಿಟ್ಟು ಎದ್ದುಹೋದವರ ಕತೆಗೆ ಮಾತ್ರ ಯಾರೂ ಅಂಥ ಚಿತ್ರ ತೆಗೆಯಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಸರಿದಂತೆ ತೇವದ ನೆಲದಲ್ಲಿ ಎಳೆ ಹುಲ್ಲು ಏಳುತ್ತದೆ. ನೂರಾರು ಆನೆಗಳು ಹಿಂಡುಹಿಂಡಾಗಿ ಇಳಿಯುವುದು ಆ ಹುಲ್ಲಿಗೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗ ಬಲು ಅಪರೂಪ.

ಭಾವನನ್ನೂ ಮಕ್ಕಳನ್ನೂ ಕರೆದುಕೊಂಡು ಮೇ ಕಳೆಯುವುದರೊಳಗೆ ಬಂದುಬಿಡು. ಮುಂಗಾರು ಹಿಡಿದರೆ ಆ ಹುಲ್ಲೆಲ್ಲ ಮತ್ತೆ ಮುಳುಗುತ್ತದೆ. ಗೋಮಾಳದ ನಡಿಗೆ ಬೆಳಗ್ಗೆಯೇ ಆಗಬೇಕು. ಸಂಜೆಯಾದ ಮೇಲೆ ಕಾಡಂಚಿನಲ್ಲಿ ಊರವರೂ ಒಬ್ಬೊಬ್ಬರೇ ಓಡಾಡುವುದಿಲ್ಲ.

ನಿನ್ನ ತಮ್ಮ