ಹಾವಸೆಯ ವಿಚಾರ

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಹಾವಸೆಗೆ ಜಲನೀಲೀ, ಶೈವಾಲ, ಶೈವಲ ಎಂಬ ಹೆಸರುಗಳನ್ನು ಕೊಟ್ಟಿರುವನು. ಮೈಸೂರ ಕಡೆಯವರು ಇದನ್ನು ಪಾಚಿಯೆನ್ನುವರು. ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಸೀಮೆಯಲ್ಲಿ ಹಾವಸೆಯೆಂಬುದೇ ರೂಢಿ. ಕವಿಗಳಿಗೆ ಇದರ ಮೇಲೆ ಮುನಿಸಿಲ್ಲ. ನಾರುಮಡಿಯುಟ್ಟ ಶಕುಂತಲೆಯನ್ನು ಕಂಡ ದುಷ್ಯಂತನಿಗೆ ಶೈವಲವು ಸುತ್ತಿಕೊಂಡ ತಾವರೆಯ ನೆನಪಾಯಿತಲ್ಲದೆ, ಆ ಕೊಳವನ್ನು ಯಾರು ತಿಕ್ಕಿ ತೊಳೆಯುವರೆಂಬ ಚಿಂತೆಯಾಗಲಿಲ್ಲ. ವೇದಾಂತಿಗಳಿಗೂ ಇದು ಒಳ್ಳೆಯ ದೃಷ್ಟಾಂತ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ವಿವೇಕಚೂಡಾಮಣಿಯಲ್ಲಿ, ಬಾವಿಯ ನೀರನ್ನು ಅದರಿಂದಲೇ ಹುಟ್ಟಿದ ಶೈವಲವು ಮುಚ್ಚುವಂತೆ ಪಂಚಕೋಶಗಳು ಆತ್ಮವನ್ನು ಮುಚ್ಚುವವೆಂದೂ, ಅದನ್ನು ಸರಿಸಿದರೆ ನಿರ್ಮಲವಾದ ಜಲವು ತಾನೇ ತೋರುವದೆಂದೂ ಹೇಳಿದೆ. ಆದರೆ ಮನೆಯ ಹಿತ್ತಲಲ್ಲಿ ಕೊಳ ಕಟ್ಟಿಸಿಕೊಂಡ ಗೃಹಸ್ಥನು ಕವಿಯೂ ಅಲ್ಲ, ವೇದಾಂತಿಯೂ ಅಲ್ಲ. ಅವನ ಸಲುವಾಗಿ ನಾಲ್ಕು ಮಾತು ಬರೆಯಬೇಕೆಂದಿರುವೆನು.

ನಮ್ಮ ಕಾಲದಲ್ಲಿ ಈಜು ಕಲಿಯಲು ತೋಟದ ಬಾವಿಯೇ ಪಾಠಶಾಲೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಹಿರಿಯರು ಮೇಲಿನಿಂದ ನೂಕಿಬಿಡುತ್ತಿದ್ದರು. ಆ ಬಾವಿಗಳಲ್ಲಿ ಹಾವಸೆಯು ಮೆಟ್ಟಿಲುಗಳಿಗಷ್ಟೇ ಹತ್ತುತ್ತಿತ್ತು. ನೀರು ಹಸುರಾಗುತ್ತಿದ್ದುದು ಅಪರೂಪ. ಬಾವಿ ಆಳವಾದದ್ದು, ಬಿಸಿಲು ಅದರೊಳಗೆ ಮಧ್ಯಾಹ್ನದಲ್ಲಿ ಮಾತ್ರ ಇಣುಕುವದು. ಮೇಲಾಗಿ ಪ್ರತಿದಿನವೂ ನೀರನ್ನೆತ್ತಿ ತೋಟಕ್ಕೆ ಹಾಯಿಸಿದಂತೆ ಸೆಲೆಯಿಂದ ಹೊಸ ನೀರು ಬರುವದು. ಈಗ ಉಳ್ಳವರು ತೋಟದ ಮನೆಗಳಲ್ಲಿ ಕಟ್ಟಿಸುವ ಈಜುಗೊಳಗಳು ಇದಕ್ಕೆ ತೀರ ವಿಪರೀತ: ಆಳ ಕಡಿಮೆ, ಮೇಲೆ ನೆರಳಿಲ್ಲ, ನೀರು ತಿಂಗಳುಗಟ್ಟಲೆ ಅದೇ. ಹಾವಸೆಗೆ ಇದಕ್ಕಿಂತ ಹೆಚ್ಚಿನ ಅನುಕೂಲತೆಯನ್ನು ಯಾರೂ ಮಾಡಿಕೊಡಲಾರರು.

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿಯನ್ನಿಟ್ಟ ನನ್ನ ಸೋದರಳಿಯನು ರಾಣೇಬೆನ್ನೂರ ಹತ್ತಿರದ ತೋಟದಲ್ಲಿ ಇಂಥದೊಂದು ಕೊಳವನ್ನು ಕಟ್ಟಿಸಿರುವನು. ಉದ್ದ ೨೫ ಅಡಿ, ಅಗಲ ೧೨ ಅಡಿ, ಸರಾಸರಿ ಆಳ ೪ ಅಡಿ. ೨೦೨೩ರಲ್ಲಿ ಮಳೆ ಕೈಕೊಟ್ಟು, ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಿದ ಬಳಿಕ ಬಂದ ೨೦೨೪ರ ಬೇಸಿಗೆಯಲ್ಲಿ ಆ ಕೊಳವು ಒಂದೇ ವಾರದಲ್ಲಿ ಗಿಳಿಹಸುರಾಯಿತು. ಮೊದಲು ಮೆಟ್ಟಿಲು ಜಾರತೊಡಗಿತು, ಆಮೇಲೆ ಗೋಡೆಗೆ ಮಖಮಲ್ಲಿನಂಥ ಪದರು ಬಂದಿತು, ಕೊನೆಗೆ ನೀರೇ ಪಲ್ಲೆಯ ರಸದಂತೆ ಕಂಡಿತು. ಮಕ್ಕಳಿಗೆ ಅದರ ಪರಿವೆ ಇರಲಿಲ್ಲ. ಅವರು ಹಾಗೆಯೇ ಇಳಿಯುತ್ತಿದ್ದರು.

ಒಂದು ದಿನ ನನ್ನ ತಂಗಿಯ ನಾಲ್ಕು ವರುಷದ ಮೊಮ್ಮಗಳು ಮೆಟ್ಟಿಲ ಮೇಲೆ ಕುಳಿತು ಹಿತ್ತಾಳೆಯ ತಂಬಿಗೆಯಿಂದ ನೀರು ಹೊಯ್ದುಕೊಂಡು ಆಡುತ್ತಿದ್ದಳು. ತಂಬಿಗೆಯು ಕೈತಪ್ಪಿ ಮುಳುಗಿತು. ಎದೆಮಟ್ಟದ ನೀರು, ಮೂರು ಜನ ಇಳಿದು ಕಾಲಿನಿಂದ ತಡವಿದರೂ ಅದು ಸಿಕ್ಕಲಿಲ್ಲ. ಹೊಳೆಯುವ ಹಿತ್ತಾಳೆಯ ಪಾತ್ರೆ ನಾಲ್ಕಡಿ ನೀರಿನ ತಳದಲ್ಲಿ ಕಣ್ಣಿಗೆ ಬೀಳಲಿಲ್ಲ. ಅಳಿಯನು ನಗುತ್ತ, "ಹೋಗಲಿ ಬಿಡವ್ವಾ, ಒಂದು ತಂಬಿಗಿ" ಎಂದನು. ನನ್ನ ತಂಗಿ ನಗಲಿಲ್ಲ. "ತಂಬಿಗಿ ಹೋದ್ರ ಹೋಗಲಿ. ಅದು ಕೂಸಾಗಿದ್ರ?" ಎಂದಳು. ಅಂದು ಸಂಜೆಯೇ ಕೊಳದ ಸುತ್ತ ಹಗ್ಗ ಕಟ್ಟಿದರು.

ಆ ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿರುವದು. ಹಸುರು ನೀರು ನೋಡಲು ಹೇಸಿಗೆ, ಮೈಗೆ ತುರಿಕೆ ಎಂಬ ದೂರುಗಳೆಲ್ಲ ಎರಡನೆಯ ಮಾತು. ಮುಳುಗುವ ಕೂಸು ಹೆಚ್ಚಾಗಿ ಕೂಗಿಕೊಳ್ಳುವದಿಲ್ಲ, ಸದ್ದಿಲ್ಲದೆ ಇಳಿದುಹೋಗುವದು. ಅದನ್ನು ಕಾಯುವದು ದಂಡೆಯ ಮೇಲಿನವರ ಕಣ್ಣು ಮಾತ್ರ. ನೀರಿನ ತಳ ಕಾಣದಿದ್ದರೆ ಆ ಕಣ್ಣಿದ್ದೂ ವ್ಯರ್ಥ. ೧೮೬೫ರಲ್ಲಿ ಇಟಲಿಯ ಸೆಕ್ಕಿಯೆಂಬ ಪಾದ್ರಿಯು ಹಗ್ಗಕ್ಕೆ ಬಿಳಿಯ ತಟ್ಟೆಯನ್ನು ಕಟ್ಟಿ ಸಮುದ್ರದಲ್ಲಿ ಇಳಿಬಿಟ್ಟು, ಅದು ಮರೆಯಾಗುವ ಆಳದಿಂದ ನೀರಿನ ತಿಳಿಯನ್ನು ಅಳೆದನು. ವಿಜ್ಞಾನಿಗಳು ಇಂದಿಗೂ ಆ ತಟ್ಟೆಯನ್ನು ಉಪಯೋಗಿಸುವರು. ಮನೆಯ ಕೊಳಕ್ಕೆ ಊಟದ ತಟ್ಟೆಯೇ ಸಾಕು: ಅತ್ಯಂತ ಆಳವಾದ ಕಡೆಯಲ್ಲಿ ಅದನ್ನು ಮುಳುಗಿಸಿದಾಗ ಅಂಚು ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಯಾರೂ ನೀರಿಗಿಳಿಯಕೂಡದು.

ಮರುದಿನ ಅಳಿಯನು ನನ್ನಲ್ಲಿಗೆ ಬಂದನು. "ಮಾಮಾ, ಸಂಸ್ಕೃತದಾಗ ಏನರೆ ಉಪಾಯ ಹೇಳ್ಯಾರೇನ್ರಿ? ಇಲ್ಲದಿದ್ರ ನೀರೆಲ್ಲಾ ಚೆಲ್ಲಿ ಹೊಸಾ ನೀರು ತುಂಬಸ್ತೀನಿ" ಎಂದನು.

ಚೆಲ್ಲುವ ಮಾತಿಗೆ ಮೊದಲು ಲೆಕ್ಕ ಮಾಡಿದೆವು. ೨೫, ೧೨, ೪ ಇವನ್ನು ಗುಣಿಸಿದರೆ ೧,೨೦೦ ಘನ ಅಡಿ. ಘನ ಅಡಿಗೆ ೨೮.೩ ಲೀಟರಿನಂತೆ ಸುಮಾರು ೩೪,೦೦೦ ಲೀಟರು. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರು ಬೇಕೆಂದು ಗೊತ್ತುಪಡಿಸಿರುವದು. ಆ ಪ್ರಮಾಣದಿಂದ ಐದು ಜನರ ಮನೆಗೆ ನಾಲ್ಕು ತಿಂಗಳು ಸಾಲುವ ನೀರು ಆ ಕೊಳದಲ್ಲಿತ್ತು. ಕೊಳವೆಬಾವಿಗಳು ಒಂದೊಂದಾಗಿ ಬತ್ತುತ್ತಿರುವ ಬೇಸಿಗೆಯಲ್ಲಿ ಅಷ್ಟು ನೀರನ್ನು ಚೆಲ್ಲುವದು ನೆರೆಯವರ ಮುಖ ನೋಡಿ ಮಾಡುವ ಕೆಲಸವಲ್ಲ. ಅಳಿಯನು ಲೆಕ್ಕದ ಮನುಷ್ಯ, ಒಪ್ಪಿಕೊಂಡನು. ಹಾಗೆ ಚೆಲ್ಲಿದರೂ ಪ್ರಯೋಜನವಿಲ್ಲ. ಕಾರಣವು ಉಳಿದರೆ ಕಾರ್ಯವು ಮರಳಿ ಬರುವದೇ.

ಇನ್ನು ಸಂಸ್ಕೃತದ ಉಪಾಯ. ಸುಶ್ರುತನು ಕಲುಷಿತ ಜಲವನ್ನು ತಿಳಿಗೊಳಿಸುವ ಏಳು ದ್ರವ್ಯಗಳನ್ನು ಹೇಳುವಾಗ ಮೊದಲು ಕತಕವನ್ನು, ಅಂದರೆ ನಮ್ಮ ಚಿಲ್ಲದ ಬೀಜವನ್ನು, ಎಣಿಸಿರುವನು. ವಿನೋದವೆಂದರೆ ಅದೇ ಏಳರಲ್ಲಿ ಶೈವಾಲದ ಮೂಲವೂ ಒಂದು! ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಬಾವಿಯ ನೀರಿಗೆ ಅಂಜನ, ಮುಸ್ತಾ, ಉಶೀರ, ನೆಲ್ಲಿ ಮೊದಲಾದವುಗಳ ಚೂರ್ಣವನ್ನು ಕತಕದೊಡನೆ ಹಾಕಹೇಳುವನು. ಇವು ಸುಳ್ಳಲ್ಲ. ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕಿಳಿಯುವವು. ಪಟಿಕವು ಮಾಡುವದೂ ಇದನ್ನೇ. ಆದರೆ ಮಣ್ಣು ಜಡ, ಹಾವಸೆಯು ಜೀವ. ತಳಕ್ಕಿಳಿದ ಮಣ್ಣು ಬೆಳೆಯುವದಿಲ್ಲ. ಜೀವಂತ ಹಾವಸೆಯು ತಳದಲ್ಲಿದ್ದರೂ ಬೆಳೆಯುವದು. ಆದುದರಿಂದ ಮೊದಲು ಕೊಲ್ಲುವದು, ಬಳಿಕ ತಿಳಿಗೊಳಿಸುವದು.

ಕೊಲ್ಲುವದಕ್ಕೆ ನೆರೆಯ ಎಲೆಬಳ್ಳಿಯ ತೋಟದವನೊಬ್ಬನು ಮೈಲುತುತ್ತವನ್ನು ಸೂಚಿಸಿದನು. ಸುಣ್ಣದೊಡನೆ ಅದನ್ನು ಕಲಸಿ ಬೋರ್ಡೋ ದ್ರಾವಣ ಮಾಡುವ ರೈತರಿಗೆ ಅದರ ಗುಣ ಗೊತ್ತು. ೧೯೦೪ರಲ್ಲಿ ಅಮೇರಿಕದ ಮೂರ್ ಮತ್ತು ಕೆಲರ್‌ಮನ್ ಎಂಬ ವಿಜ್ಞಾನಿಗಳು ಅತ್ಯಲ್ಪ ಮೈಲುತುತ್ತದಿಂದ ಜಲಾಶಯಗಳ ಹಾವಸೆಯು ಸಾಯುವದೆಂದು ಪ್ರಕಟಿಸಿದರು. ಆದರೆ ಗಡಸು ನೀರಿನಲ್ಲಿ ತಾಮ್ರವು ಬಹುಬೇಗ ಗಸಿಯಾಗಿ ಕೆಳಗಿಳಿದು ನಿಷ್ಫಲವಾಗುವದು; ಹೆಚ್ಚು ಹಾಕಿದರೆ ಗೋಡೆಗೆ ಕಲೆ ಹತ್ತುವದು, ಬಿಳಿಯ ಕೂದಲು ಹಸುರಾಗುವದು. ತೋಟದ ಕೊಳವೆಬಾವಿಯ ನೀರು ಪಾತ್ರೆಗಳಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ನನ್ನ ತಲೆಗೂದಲು ಬಿಳಿದು. ಆದ್ದರಿಂದ ಅದನ್ನು ಬಿಟ್ಟು ಕ್ಲೋರಿನ್ನನ್ನೇ ನೆಚ್ಚಿದೆವು.

ಕ್ಲೋರಿನ್ನಿಗೆ ಇಬ್ಬರು ಶತ್ರುಗಳು. ಒಂದು ಕ್ಷಾರ: ನೀರಿನ ಪಿಎಚ್ ೭.೫ ಇದ್ದರೆ ಕ್ಲೋರಿನ್ನಿನ ಸುಮಾರು ಅರ್ಧವು ಬಲಶಾಲಿಯಾದ ರೂಪದಲ್ಲಿರುವದು, ಅದು ೮.೫ಕ್ಕೇರಿದರೆ ಹತ್ತರಲ್ಲೊಂದು ಪಾಲು ಮಾತ್ರ. ಎರಡನೆಯದು ಬಿಸಿಲು: ಮುಂಜಾನೆ ಹಾಕಿದ ಕ್ಲೋರಿನ್ನಿನ ಬಹುಭಾಗವನ್ನು ಬೇಸಿಗೆಯ ಸೂರ್ಯನು ಕೆಲವು ತಾಸುಗಳಲ್ಲಿ ನುಂಗಿಬಿಡುವನು. ಅಳಿಯನ ತೋಟದ ಆಳು ದಿನಾಲು ಬೆಳಿಗ್ಗೆ ಪುಡಿಯನ್ನು ಎರಚಿದರೂ ಹಾವಸೆಯು ಬೆಳೆದದ್ದೇಕೆಂಬುದು ಈಗ ತಿಳಿಯಿತು.

ನಡೆದ ಕ್ರಮ ಹೀಗೆ. ಮೊದಲನೆಯ ದಿನ ಗೋಡೆ, ಮೆಟ್ಟಿಲು, ಮೂಲೆಗಳನ್ನು ಗಟ್ಟಿಯಾದ ಬಾರಿಗೆಯಿಂದ ತಿಕ್ಕಿದರು. ತಿಕ್ಕದಿದ್ದರೆ ಹಾವಸೆಯ ಲೋಳೆಯೇ ಅದಕ್ಕೆ ಕವಚವಾಗಿ ಔಷಧಿಯನ್ನು ತಡೆಯುವದು. ತಿಳಿದವರ ಕೈಯಿಂದ ಆಮ್ಲವನ್ನು ಹಾಕಿಸಿ ಪಿಎಚ್ಚನ್ನು ೭.೨ಕ್ಕೆ ಇಳಿಸಿದರು. ಎರಡನೆಯ ದಿನ ಸೂರ್ಯಾಸ್ತದ ಮೇಲೆ ಬ್ಲೀಚಿಂಗ್ ಪುಡಿ. ಲೀಟರಿಗೆ ೧೦ ಮಿಲಿಗ್ರಾಂ ಕ್ಲೋರಿನ್ನಿನಂತೆ ೩೪,೦೦೦ ಲೀಟರಿಗೆ ೩೪೦ ಗ್ರಾಂ ಬೇಕು; ಪುಡಿಯಲ್ಲಿ ನೂರಕ್ಕೆ ೩೦ ಪಾಲು ಕ್ಲೋರಿನ್ ಇದ್ದರೆ ಒಂದು ಕಿಲೋದ ಮೇಲೆ ಸ್ವಲ್ಪ. ಬಕೆಟ್ಟಿನ ನೀರಿಗೆ ಪುಡಿಯನ್ನು ಹಾಕಬೇಕು, ಪುಡಿಯ ಮೇಲೆ ನೀರನ್ನು ಸುರಿಯಬಾರದು. ಸುಣ್ಣದ ಗಸಿಯು ಕೆಳಗಿಳಿದ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಬಿಡಬೇಕು. ಆಮ್ಲವನ್ನೂ ಈ ಪುಡಿಯನ್ನೂ ಎಂದಿಗೂ ಕೂಡಿಸಬಾರದು, ಒಂದೇ ಪಾತ್ರೆಯಲ್ಲಿ ಕಲಸಬಾರದು. ಹುಟ್ಟುವ ವಿಷವಾಯುವು ಪ್ರಾಣವನ್ನೇ ತೆಗೆದೀತು. ಶೋಧಕ ಯಂತ್ರವನ್ನು ರಾತ್ರಿಯೆಲ್ಲ ನಡೆಸಿದರು. ಮರುದಿನ ಹಸುರು ಬೂದಿಬಣ್ಣಕ್ಕೆ ತಿರುಗಿತು. ಆ ಸಂಜೆ ಮತ್ತೊಮ್ಮೆ ಹಾಕಿದಾಗ ನೀರು ಅಕ್ಕಚ್ಚಿನಂತೆ ಬೆಳ್ಳಗಾಯಿತು. ಆಗ ಬಂದಿತು ಸುಶ್ರುತನ ತತ್ವಕ್ಕೆ ಅವಕಾಶ: ಪಟಿಕವನ್ನು ಕರಗಿಸಿ ಹಾಕಿ ಯಂತ್ರವನ್ನು ನಿಲ್ಲಿಸಿದೆವು. ಐದನೆಯ ದಿನ ಬೆಳಿಗ್ಗೆ ತಳವು ಕಂಡಿತು. ತಂಬಿಗೆಯು ಮೆಟ್ಟಿಲ ಬುಡದಲ್ಲಿಯೇ, ಎರಡು ಮಾರಿನೊಳಗೆ, ಮಗ್ಗುಲಾಗಿ ಬಿದ್ದಿತ್ತು.

ಇಲ್ಲಿಗೆ ಕೆಲಸ ಮುಗಿಯಿತೆಂದು ಅಳಿಯನು ತಿಳಿದನು. ಮುಖ್ಯವಾದ ಭಾಗವು ಉಳಿದಿತ್ತು. ಸತ್ತ ಹಾವಸೆಯನ್ನು ತಳದಲ್ಲಿ ಬಿಟ್ಟರೆ ಅದು ಕೊಳೆತು ಮುಂದಿನ ಹಾವಸೆಗೆ ಗೊಬ್ಬರವಾಗುವದು. ಆದುದರಿಂದ ತಳದ ಗಸಿಯನ್ನು ನಳಿಗೆಯಿಂದ ಹೀರಿ ಹೊರಗೆ ಗಿಡಗಳಿಲ್ಲದ ಕಡೆಗೆ ಬಿಡಿಸಿದೆವು. ಅದಕ್ಕೆ ಹೋದ ನೀರು ಕೊಳದ ಒಂದು ಸಣ್ಣ ಪಾಲು ಮಾತ್ರ. ವಿವೇಕಚೂಡಾಮಣಿಯ ದೃಷ್ಟಾಂತವು ಆತ್ಮದ ವಿಷಯದಲ್ಲಿ ಎಷ್ಟು ಸತ್ಯವೋ, ಕೊಳದ ವಿಷಯದಲ್ಲಿ ಅಷ್ಟಿಲ್ಲ: ನೀರು ತಾನೇ ಹಾವಸೆಯನ್ನು ಹೆರುವದಿಲ್ಲ. ಕಣ್ಣಿಗೆ ಕಾಣದ ಅದರ ಬೀಜಾಣುಗಳು ಗಾಳಿಯಲ್ಲಿ ಬರುವವು, ಅವನ್ನು ತಡೆಯಲಾಗದು. ಆದರೆ ಅದಕ್ಕೆ ಉಣಿಸುವವರು ನಾವು. ೧೯೭೩ರಲ್ಲಿ ಕೆನಡಾ ದೇಶದ ಶಿಂಡ್ಲರ್ ಮೊದಲಾದವರು ಒಂದು ಸಣ್ಣ ಸರೋವರವನ್ನು ಪರದೆಯಿಂದ ಎರಡು ಪಾಲು ಮಾಡಿದರು. ಒಂದಕ್ಕೆ ಇಂಗಾಲ, ಸಾರಜನಕಗಳನ್ನು ಹಾಕಿದರು; ಇನ್ನೊಂದಕ್ಕೆ ಅವೆರಡರೊಡನೆ ರಂಜಕವನ್ನೂ ಹಾಕಿದರು. ರಂಜಕವನ್ನುಂಡ ಪಾಲು ಮಾತ್ರ ದಟ್ಟ ಹಸುರಾಯಿತು. ಒಂದು ಗ್ರಾಂ ರಂಜಕವು ಸುಮಾರು ನೂರು ಗ್ರಾಂ ಒಣ ಹಾವಸೆಯನ್ನು ಬೆಳೆಸಬಲ್ಲದು.

ಹಾಗಾದರೆ ತೋಟದಲ್ಲಿ ರಂಜಕವು ಎಲ್ಲಿಂದ ಬರುತ್ತಿತ್ತು? ನೋಡಲು ಹೋದರೆ ಎಲ್ಲ ಕಡೆಯಿಂದಲೂ. ಕೊಳದ ಮೇಲುಗಡೆಗೆ ಮೆಣಸಿನ ಹೊಲ. ಅದಕ್ಕೆ ಹಾಕಿದ ಗೊಬ್ಬರವು ಹಾಯಿಸಿದ ನೀರಿನೊಡನೆ ಇಳಿದು ಬರುತ್ತಿತ್ತು. ಗಾಳಿ ಬೀಸುವ ದಿಕ್ಕಿಗೆ ತಿಪ್ಪೆ. ದಂಡೆಯ ಮೇಲೆಯೇ ಸಾಬೂನಿನ ಪುಡಿಯಿಂದ ಬಟ್ಟೆ ಒಗೆಯುವ ಕಲ್ಲು. ಬೇವಿನ ಎಲೆ ಉದುರಿ ನೀರಿನಲ್ಲಿಯೇ ಕೊಳೆಯುತ್ತಿತ್ತು. ಹೊಲದ ಕಡೆಗೆ ಒಂದು ಗೇಣು ಬದುವನ್ನೇರಿಸಿದರು, ತಿಪ್ಪೆಯನ್ನೂ ಒಗೆಯುವ ಕಲ್ಲನ್ನೂ ಸರಿಸಿದರು, ಕಾಲು ತೊಳೆದುಕೊಂಡೇ ನೀರಿಗಿಳಿಯಬೇಕೆಂದು ಗೊತ್ತುಮಾಡಿದರು, ಬಳಸದ ದಿನ ಹೊದಿಕೆ ಹೊದಿಸಿದರು. ಪುಡಿಯನ್ನು ಬೆಳಿಗ್ಗೆ ಬಿಟ್ಟು ಸಂಜೆಗೆ ಹಾಕತೊಡಗಿದರು. ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ಕ್ಲೋರಿನ್ ಉಳಿಯುವಂತೆ ನೋಡಿಕೊಂಡರು. ಎರಡು ದಿನಕ್ಕೊಮ್ಮೆ ಬಾರಿಗೆ. ಖರ್ಚು ಕಡಿಮೆಯಾಯಿತು, ನೀರು ತಿಳಿಯಾಗಿಯೇ ಇರುವದು.

ನಮ್ಮೂರ ಹೆಗ್ಗೇರಿಯಂಥ ಕೆರೆಗಳಿಗೂ ಇದೇ ನ್ಯಾಯ. ಆದರೆ ಅಲ್ಲಿ ಕ್ಲೋರಿನ್ ಸುರಿಯುವಂತಿಲ್ಲ, ಮೀನುಗಳು ಸಾಯುವವು. ಅಲ್ಲಿ ಉಣಿಸನ್ನು ನಿಲ್ಲಿಸುವದೊಂದೇ ಮಾರ್ಗ. ಕೆನೆಗಟ್ಟಿದ ನೀಲಿಹಸುರು ಹಾವಸೆಗಳಲ್ಲಿ ಕೆಲವು ವಿಷವನ್ನುಂಟುಮಾಡುವವು. ಅಂಥ ನೀರು ಕುಡಿದು ದನಗಳು ಸತ್ತದ್ದುಂಟು. ಹಾಗೆಂದು ಹಾವಸೆಯ ಕುಲವನ್ನೇ ಹಳಿಯಬಾರದು. ನಾವು ಉಸಿರಾಡುವ ಆಮ್ಲಜನಕವನ್ನು ಭೂಮಿಯ ಗಾಳಿಗೆ ಮೊದಲು ತುಂಬಿದ್ದು ಈ ನೀಲಿಹಸುರು ಜಾತಿಯೇ. ಅದರ ಸ್ಥಾನದಲ್ಲಿ ಅದು ಪೂಜ್ಯವೇ. ಕೂಸು ಆಡುವ ನೀರು ಅದರ ಸ್ಥಾನವಲ್ಲ.

ಕತಕಫಲವು ನೀರನ್ನು ತಿಳಿಮಾಡುವದು ನಿಜವಾದರೂ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನು ಹೇಳಿರುವನು. ಸಂನ್ಯಾಸಿಗೆ ಹೇಳಿದ ಆ ಮಾತು ಸಂಸಾರಿಗೂ ಸಲ್ಲುವದು. ಅಂಗಡಿಗಳಲ್ಲಿ ಹಾವಸೆಯ ಔಷಧಿಯ ಡಬ್ಬಿಗಳು ಸಾಲಾಗಿರುವವು. ಡಬ್ಬಿಯನ್ನು ತಂದಿಟ್ಟಷ್ಟಕ್ಕೆ ಯಾವ ಕೊಳವೂ ತಿಳಿಯಾಗಿಲ್ಲ. ಸಂಜೆಯ ಹಿಡಿ ಪುಡಿ, ದಿನ ಬಿಟ್ಟು ದಿನ ಬಾರಿಗೆ, ಗೇಣೆತ್ತರದ ಬದು, ಇಳಿಯುವ ಮೊದಲು ತಳವನ್ನೊಮ್ಮೆ ನೋಡುವ ರೂಢಿ, ಇವಿಷ್ಟೇ ಉಪಾಯ. ಕೊಳವಿದ್ದವರು ಇದನ್ನು ನಡೆಸಲಾರೆವೆಂದರೆ ಅದನ್ನು ಮಣ್ಣಿನಿಂದ ಮುಚ್ಚಿ ಮಲ್ಲಿಗೆಯನ್ನು ಹಚ್ಚುವದು ಲೇಸು.