ಡಿಗ್ರಿ ಎಷ್ಟು ಬಂತು?

ಬೆಳಗ್ಗೆ ಆರೂಕಾಲು. ಮಂಡ್ಯ ಸೀಮೆಯ ಒಂದೂರು. ಡೇರಿಯ ಕಿಟಕಿಯಿಂದ ಅರಳಿಕಟ್ಟೆಯವರೆಗೆ ಸಾಲು ನಿಂತಿದೆ. ಸ್ಟೀಲ್ ಕ್ಯಾನು, ಅಲ್ಯೂಮಿನಿಯಂ ಕ್ಯಾನು, ಮುಚ್ಚಳ ಕಳೆದುಹೋಗಿ ಬಾಳೆಲೆ ಮುಚ್ಚಿಕೊಂಡು ಬಂದ ಒಂದು ತಂಬಿಗೆ. ನೆಂಟರ ಮನೆಗೆಂದು ಬಂದ ನಿಮ್ಮ ಕೈಗೂ ಒಂದು ಕ್ಯಾನು ಕೊಟ್ಟು ಕಳಿಸಿದ್ದಾರೆ. ಮುಂದೆ ಇಬ್ಬರಿದ್ದಾರೆ: ಸೆರಗನ್ನು ತಲೆಗೆ ಹೊದ್ದ ಒಬ್ಬ ಮುದುಕಿ, ಆಮೇಲೆ ಮೊಬೈಲಿನಲ್ಲಿ ಮುಳುಗಿರುವ ಒಬ್ಬ ಹುಡುಗ.

ಕಿಟಕಿಯೊಳಗೆ ಸೆಕ್ರೆಟರಿ ಉದ್ದನೆಯ ಜಾಡಿಗೆ ಮುದುಕಿಯ ಹಾಲನ್ನು ಅಂಚು ಮೀರಿ ತುಳುಕುವಷ್ಟು ಸುರಿಯುತ್ತಾನೆ. ಮೇಲೆ ನಿಂತ ನೊರೆಯನ್ನು ಉಫ್ ಎಂದು ಊದಿ, ಲ್ಯಾಕ್ಟೋಮೀಟರನ್ನು ಇಳಿಬಿಟ್ಟು, ತುದಿಬೆರಳಿನಿಂದ ಮೆಲ್ಲಗೆ ತಿರುಗಿಸಿ ಕೈ ಬಿಡುತ್ತಾನೆ. ಜಾಡಿಯ ಗೋಡೆಗೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ಅದಕ್ಕೇ ಆ ತಿರುಗಣೆ. ಅದು ಎರಡು ಸಲ ಮೇಲೆ ಕೆಳಗೆ ತೂಗಿ ನಿಲ್ಲುತ್ತದೆ.

"ಯಾಕ್ ದೊಡ್ಡವ್ವ, ಇವತ್ತು ಇಪ್ಪತ್ತೇಳೇ ಬಂದದೆ?"

ಸಾಲಿನಲ್ಲಿ ಮಾತು ನಿಲ್ಲುತ್ತದೆ. ಡೇರಿಯ ಮುಂದೆ ಈ ಪ್ರಶ್ನೆಗೆ ಒಂದೇ ಅರ್ಥ.

"ನೀರ್ ಮುಟ್ಸಿಲ್ಲ ಕಣಪ್ಪ ನಾನು. ಈಗ್ತಾನೆ ಕರ್ಕೊಂಡು ಸೀದಾ ಬಂದಿವ್ನಿ."

"ಅದ್ಕೇ ಇರ್ಬೇಕು. ಬಿಸಿನೂ ಅದೆ, ನೊರೆನೂ ಅದೆ. ಒಂದ್ ಹತ್ ನಿಮ್ಸ ಕೂತ್ಕೊ."

ಮುದುಕಿ ಜಗಲಿಯ ಮೇಲೆ ಕೂರುತ್ತಾಳೆ. ಆಕೆಯ ಮರ್ಯಾದೆ ಜಾಡಿಯಲ್ಲಿ ತೇಲುತ್ತಿದೆ.

ನೀವು ಕಿಟಕಿಗೆ ಮುಖ ತಂದು ನೋಡಿ. ಅಡಿಯಲ್ಲಿ ಬುರುಡೆ, ಅದರ ತಳದಲ್ಲಿ ಸೀಸದ ಗುಂಡುಗಳ ಭಾರ, ಮೇಲೆ ಸಪೂರ ಗಾಜಿನ ಕಡ್ಡಿ, ಕಡ್ಡಿಯೊಳಗೆ ಸುರುಳಿ ಮಾಡಿಟ್ಟ ಅಳತೆಯ ಕಾಗದ. ಅಂಕಿಗಳು ತಲೆಕೆಳಗಾಗಿವೆ: 0 ಮೇಲೆ, 40 ಕೆಳಗೆ. ಉಪಕರಣದ ತೂಕ ಎಂದಿಗೂ ಅಷ್ಟೇ. ತೇಲಬೇಕಾದರೆ ಅದು ತನ್ನ ತೂಕದಷ್ಟೇ ಹಾಲನ್ನು ಪಕ್ಕಕ್ಕೆ ಸರಿಸಬೇಕು. ಹಾಲು ಗಟ್ಟಿಯಿದ್ದರೆ ಸ್ವಲ್ಪ ಸರಿಸಿದರೆ ಸಾಕು, ಕಡ್ಡಿ ಎತ್ತರದಲ್ಲಿ ನಿಲ್ಲುತ್ತದೆ, ಕೆಳಗಿನ ಅಂಕಿ ಕಾಣುತ್ತದೆ. ತೆಳುವಾಗಿದ್ದರೆ ಇನ್ನಷ್ಟು ಸರಿಸಬೇಕು, ಮುಳುಗುತ್ತದೆ. ಕಡ್ಡಿ ಅಷ್ಟು ಸಪೂರವಾಗಿರುವುದರಿಂದಲೇ ಒಂದೊಂದು ಡಿಗ್ರಿಯ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟು ಹಿಗ್ಗುತ್ತದೆ. ಶಾಲೆಯಲ್ಲಿ ಇದನ್ನೇ ಆರ್ಕಿಮಿಡೀಸ್ ಬಚ್ಚಲಿನಿಂದ ಓಡಿದ ಕಥೆಯಾಗಿ ಕೇಳಿದ್ದೀರಿ. ಕಥೆಯಲ್ಲಿ ಓಟ ನೆನಪಿರುತ್ತದೆ, ಲೆಕ್ಕ ಮರೆಯುತ್ತದೆ.

ಲೆಕ್ಕ ಕಷ್ಟದ್ದಲ್ಲ. ಸಾಂದ್ರತೆ ಎಂದರೆ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದಾಗ ಬರುವುದು. ಒಂದು ಲೀಟರ್ ನೀರು ಹೆಚ್ಚುಕಡಿಮೆ 1000 ಗ್ರಾಂ. ಲ್ಯಾಕ್ಟೋಮೀಟರ್ 28 ತೋರಿಸಿದರೆ, ಅದೇ ಒಂದು ಲೀಟರ್ ಜಾಗದಲ್ಲಿ ಈ ಹಾಲು ನೀರಿಗಿಂತ 28 ಗ್ರಾಂ ಹೆಚ್ಚು ತೂಗುತ್ತದೆ, ಅಂದರೆ 1028 ಗ್ರಾಂ. ಊರವರು 'ಡಿಗ್ರಿ' ಎನ್ನುವುದು ಈ ಹೆಚ್ಚುವರಿ ಗ್ರಾಂಗಳನ್ನೇ. ಇಷ್ಟು ಗೊತ್ತಿದ್ದರೆ ನೀರು ಬೆರೆಸಿದವನ ಲೆಕ್ಕವನ್ನು ಬೆರಳಲ್ಲೇ ಮಾಡಬಹುದು. 30 ಡಿಗ್ರಿಯ ಹಾಲು 900 ಮಿಲಿ ತೆಗೆದುಕೊಳ್ಳಿ: 927 ಗ್ರಾಂ. ಅದಕ್ಕೆ 100 ಮಿಲಿ ನೀರು, 100 ಗ್ರಾಂ. ಒಟ್ಟು ಒಂದು ಲೀಟರ್, 1027 ಗ್ರಾಂ. ನೂರಕ್ಕೆ ಹತ್ತು ನೀರು, ಡಿಗ್ರಿಯಲ್ಲೂ ಹತ್ತರಲ್ಲಿ ಒಂದು ಭಾಗ ಇಳಿಕೆ: 30 ಇದ್ದದ್ದು 27. ಮುದುಕಿಯ ಹಾಲು 27 ತೋರಿಸಿದಾಗ ಸಾಲು ಮೌನವಾದದ್ದು ಸುಮ್ಮನೆ ಅಲ್ಲ.

ಹತ್ತು ನಿಮಿಷವಾಯಿತು. ಜಾಡಿಯ ನೊರೆ ಇಂಗಿದೆ. ಕರೆಯುವಾಗ ಹಾಲಿನೊಳಗೆ ಸೇರಿಕೊಂಡ ಗಾಳಿಯ ಪುಟ್ಟ ಗುಳ್ಳೆಗಳು ಜಾಗ ಹಿಡಿಯುತ್ತವೆ, ತೂಕ ಕೊಡುವುದಿಲ್ಲ. ಅವು ಹೊರಬಿದ್ದ ಮೇಲೆಯೇ ಹಾಲು ತನ್ನ ನಿಜವಾದ ತೂಕಕ್ಕೆ ಬರುವುದು. ಸೆಕ್ರೆಟರಿ ಈ ಸಲ ಥರ್ಮಾಮೀಟರನ್ನೂ ಇಳಿಸುತ್ತಾನೆ. ಮಂಡಿಯೂರಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು, ಕಡ್ಡಿಯ ಸುತ್ತ ಹಾಲು ಏರಿ ನಿಂತ ಅಂಚಿನ ತುದಿಯಲ್ಲಿ ಓದುತ್ತಾನೆ. ಹಾಲಿನ ಮೂಲಕ ಆಚೆ ಕಾಣುವುದಿಲ್ಲವಾದ್ದರಿಂದ ಆ ಅಂಚಿನ ಕೆಳಗೆ ಓದಲು ಸಾಧ್ಯವೂ ಇಲ್ಲ.

"ಇಪ್ಪತ್ತೆಂಟು. ಶಾಖ ಮೂವತ್ಮೂರು."

ಈ ಲ್ಯಾಕ್ಟೋಮೀಟರ್ 27 ಡಿಗ್ರಿ ಸೆಲ್ಸಿಯಸ್‌ಗೆ ಗುರುತು ಹಾಕಿದ್ದು. ಬಿಸಿ ಹಾಲು ಹಿಗ್ಗಿರುತ್ತದೆ. ತೂಕ ಅಷ್ಟೇ ಇದ್ದರೂ ಗಾತ್ರ ಹೆಚ್ಚು, ಹಾಗಾಗಿ ಸಾಂದ್ರತೆ ಕಡಿಮೆ. ಡೇರಿಯ ರೂಢಿ ಲೆಕ್ಕದಲ್ಲಿ ಮೇಲಿನ ಒಂದೊಂದು ಡಿಗ್ರಿ ಶಾಖಕ್ಕೂ 0.2 ಕೂಡಿಸಬೇಕು. ಆರು ಡಿಗ್ರಿಗೆ 1.2. ಮುದುಕಿಯ ಹಾಲು 29.2.

"ಸರಿಯಾಗದೆ ದೊಡ್ಡವ್ವ."

ಆಕೆ ಏನೂ ಹೇಳುವುದಿಲ್ಲ. ಎದ್ದು, ಹುಡುಗನನ್ನು ಪಕ್ಕಕ್ಕೆ ಸರಿಸಿ, ಮತ್ತೆ ತನ್ನ ಜಾಗದಲ್ಲೇ ನಿಲ್ಲುತ್ತಾಳೆ.

ತಕ್ಕಡಿಯ ಮೇಲೆ 4.320 ಕೆಂಪಗೆ ಹೊಳೆಯುತ್ತದೆ. ಅದು ಕೆ.ಜಿ. ಚೀಟಿ ಕೇಳುವುದು ಲೀಟರ್. ಕೆ.ಜಿ.ಯನ್ನು 1.03ರಿಂದ ಭಾಗಿಸಿ ಯಂತ್ರ 4.19 ಎಂದು ಬರೆಯುತ್ತದೆ. ತೂಗಿದ್ದನ್ನೇ ಲೀಟರ್ ಎಂದು ಬರೆದುಬಿಟ್ಟಿದ್ದರೆ ಕಾಲು ಲೀಟರಿನ ಅರ್ಧದಷ್ಟು ಹಾಲು ಎಲ್ಲೂ ಇಲ್ಲದೆ ಹುಟ್ಟಿಬಿಡುತ್ತಿತ್ತು. ಒಬ್ಬರ ಕ್ಯಾನಿನಲ್ಲಿ ಅದು ಒಂದು ಕಾಫಿ ಲೋಟ. ಇಡೀ ಸಾಲಿಗೆ, ಎರಡು ಹೊತ್ತಿಗೆ, ವರ್ಷಕ್ಕೆ ಎಂದು ಗುಣಿಸುತ್ತ ಹೋದರೆ ಟ್ಯಾಂಕರ್ ಡ್ರೈವರ್ ಬಂದು ಜಗಳ ತೆಗೆಯುತ್ತಾನೆ.

ಆಮೇಲೆ ಫ್ಯಾಟ್ ಯಂತ್ರ. ಮುದುಕಿಯದು 4.0. ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಊರ ಬಾಯಲ್ಲಿ 'ಎಸ್‌ಎನ್‌ಎಫ್', ಡಿಗ್ರಿ, ಫ್ಯಾಟು ಇವೆರಡರಿಂದ ಹೊರಡುತ್ತದೆ. ಡೇರಿಗಳಲ್ಲಿ ಬಳಕೆಯಲ್ಲಿರುವ ಒಂದು ಸೂತ್ರ ಹೀಗೆ: ಡಿಗ್ರಿಯನ್ನು 4ರಿಂದ ಭಾಗಿಸಿ, ಫ್ಯಾಟಿನ 0.21 ಪಾಲು ಸೇರಿಸಿ, ಮೇಲೆ 0.36 ಕೂಡಿಸಿ. 7.3, 0.84, 0.36. ಒಟ್ಟು 8.5. ಶಾಖದ ತಿದ್ದುಪಡಿ ಬಿಟ್ಟು 28ನ್ನೇ ಹಿಡಿದಿದ್ದರೆ 8.2 ಆಗುತ್ತಿತ್ತು.

ಈಗ ಹುಡುಗನ ಸರದಿ. ದೊಡ್ಡ ಕ್ಯಾನು, ಹತ್ತು ಲೀಟರ್. ನಿನ್ನೆ ಸಂಜೆಯ ಹಾಲು, ತಣ್ಣಗಿದೆ: ಶಾಖ 27, ಡಿಗ್ರಿ 29. ತಿದ್ದುಪಡಿಯ ಗೊಡವೆಯೇ ಇಲ್ಲ. ಸೆಕ್ರೆಟರಿ ತಲೆ ಆಡಿಸುತ್ತಾನೆ. ಹುಡುಗ ಮೊಬೈಲಿನಿಂದ ಕಣ್ಣೆತ್ತುವುದಿಲ್ಲ.

ಫ್ಯಾಟ್ ಯಂತ್ರ 2.1 ತೋರಿಸುತ್ತದೆ.

ನನ್ನನ್ನು ಕೇಳಿದರೆ ಇಡೀ ಬೆಳಗಿನ ಸೊಗಸಾದ ಲೆಕ್ಕ ಇರುವುದು ಇಲ್ಲಿ. 29 ಡಿಗ್ರಿಯ ಹತ್ತು ಲೀಟರ್ ಹಾಲು 10.29 ಕೆ.ಜಿ. ರಾತ್ರಿ ಕೆನೆ ಮೇಲೆ ಬರುತ್ತದೆ, ಏಕೆಂದರೆ ಹಾಲಿನ ಕೊಬ್ಬು ನೀರಿಗಿಂತಲೂ ಹಗುರ. ಆ ಗಟ್ಟಿ ಕೆನೆಯನ್ನು ಅರ್ಧ ಲೀಟರ್ ತೆಗೆಯಿರಿ. ಕೊಬ್ಬು ನೂರಕ್ಕೆ ನಲವತ್ತರಷ್ಟಿರುವ ಕೆನೆಯ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ, ಹಾಗಾಗಿ ಹೋದದ್ದು ಸುಮಾರು 0.5 ಕೆ.ಜಿ. ಉಳಿದದ್ದು 9.5 ಲೀಟರ್, 9.79 ಕೆ.ಜಿ. ಭಾಗಿಸಿದರೆ 1.0305. ಹಗುರವಾದದ್ದು ಹೋಗಿ ಹಾಲು ಮೊದಲಿಗಿಂತ 'ಗಟ್ಟಿ'ಯಾಗಿದೆ! ಈಗ ಅರ್ಧ ಲೀಟರ್ ನೀರು ಸುರಿಯಿರಿ. ಮತ್ತೆ ಹತ್ತು ಲೀಟರ್, ಮತ್ತೆ 10.29 ಕೆ.ಜಿ, ಮತ್ತೆ 29 ಡಿಗ್ರಿ. ತಕ್ಕಡಿಗೂ ಗೊತ್ತಾಗುವುದಿಲ್ಲ, ಲ್ಯಾಕ್ಟೋಮೀಟರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ತುಪ್ಪ ಘಮಘಮಿಸುತ್ತಿದೆ. ಉಪ್ಪು, ಸಕ್ಕರೆ ಬೆರೆಸಿ ಇಳಿದ ಡಿಗ್ರಿಯನ್ನು ಏರಿಸುವವರೂ ಇದ್ದಾರೆ. ಆದರೆ ಕೆನೆಯ ಉಪಾಯಕ್ಕೆ ಅಂಗಡಿಗೂ ಹೋಗಬೇಕಾಗಿಲ್ಲ.

ಲ್ಯಾಕ್ಟೋಮೀಟರನ್ನು ಬೈದು ಪ್ರಯೋಜನವಿಲ್ಲ. ಒಂದು ಲೀಟರ್ ಎಷ್ಟು ತೂಗುತ್ತದೆ ಎಂಬುದಷ್ಟೇ ಅದರ ಕೆಲಸ. ಆ ತೂಕ ಯಾವುದರಿಂದ ಬಂತು ಎಂದು ಅದನ್ನು ಯಾರೂ ಕೇಳಿಲ್ಲ. ಯಂತ್ರ ಬರುವ ಮುನ್ನ ಇದೇ ಕೋಣೆಯಲ್ಲಿ ಗರ್ಬರ್ ಪರೀಕ್ಷೆ ನಡೆಯುತ್ತಿತ್ತು. ಗಾಜಿನ ಬುಡ್ಡಿಗೆ 10 ಮಿಲಿ ಸಲ್ಫ್ಯೂರಿಕ್ ಆಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಬುಡ್ಡಿ ಕೈಯಲ್ಲಿ ಕುದಿಯುವಷ್ಟು ಕಾಯುತ್ತಿತ್ತು, ಬಟ್ಟೆ ಸುತ್ತಿ ಹಿಡಿಯಬೇಕಿತ್ತು. ಗರಗರ ತಿರುಗಿಸಿದರೆ ಭಾರದ ಆಮ್ಲ ಒಂದು ಕಡೆ, ಹಗುರದ ಕೊಬ್ಬು ಅಳತೆಯ ಕುತ್ತಿಗೆಯ ಕಡೆ. ಕೊಬ್ಬನ್ನು ಹಿಡಿದುಕೊಟ್ಟದ್ದೂ ಸಾಂದ್ರತೆಯೇ.

ಸೆಕ್ರೆಟರಿ ಹುಡುಗನಿಗೆ ಏನೂ ಅನ್ನುವುದಿಲ್ಲ. ಚೀಟಿ ಹರಿದು ಕೊಡುತ್ತಾನೆ. ಹುಡುಗ ನೋಡದೆ ಮಡಚಿ ಜೇಬಿಗೆ ಹಾಕಿಕೊಂಡು ಬೈಕ್ ಒದೆಯುತ್ತಾನೆ.

ನೀವು ಕ್ಯಾನು ಎತ್ತಿ ಕಿಟಕಿಗೆ ಇಡುವಷ್ಟರಲ್ಲಿ ಪಕ್ಕದಲ್ಲಿ ಮುದುಕಿ.

"ಇದ್ನ ಓದ್ ಮಗ."

ಓದುತ್ತೀರಿ: 4.19 ಲೀಟರ್, ಫ್ಯಾಟು 4.0, ಎಸ್‌ಎನ್‌ಎಫ್ 8.5. ಆಕೆ ಸೊಂಟದ ಎಲೆಅಡಿಕೆ ಚೀಲದಿಂದ ಇನ್ನೊಂದು ಚೀಟಿ ತೆಗೆಯುತ್ತಾಳೆ, ಸುಣ್ಣದ ಕಲೆಯಾಗಿದೆ. ನಿನ್ನೆಯದು. ಎಸ್‌ಎನ್‌ಎಫ್ 8.4.

"ಏರದಲ್ಲ?"

"ಏರಿದೆ ಅಜ್ಜಿ."

"ಏರ್ದೆ ಇನ್ನೇನು. ರಾತ್ರಿ ಒಂದ್ ಸೇರು ಬೂಸಾ ಜಾಸ್ತಿ ಹಾಕಿದ್ದೆ" ಎಂದು ಎರಡೂ ಕೈ ಬೊಗಸೆ ಮಾಡಿ, ಸೇರು ಎಷ್ಟು ತುಂಬಿತ್ತೆಂದು, ಮೇಲೆ ಎಷ್ಟು ಗೋಪುರ ಕಟ್ಟಿತ್ತೆಂದು ತೋರಿಸುತ್ತಾಳೆ.